ತಾಯಿಯ ವಯಸ್ಸು

ಮೊಟ್ಟೆ ಒಡೆಯುವ ದಿನ ಅವನಿಗೆ ಬೆಳಗಿನ ತಿಂಡಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಹೀಗೇ. ಟರ್ಕಿ ಕೋಳಿಯ ಹ್ಯಾಚರಿಯಲ್ಲಿ ಇಪ್ಪತ್ತೆಂಟು ದಿನ ಕಾವು ಕೊಟ್ಟ ಮೇಲೂ ಮರಿಯಾಗದೆ ಉಳಿದ ಮೊಟ್ಟೆಗಳನ್ನು ಒಂದೊಂದಾಗಿ ಒಡೆದು, ಒಳಗಿನ ಜೀವ ಯಾವ ವಾರ ಸತ್ತಿತು, ಯಾಕೆ ಸತ್ತಿತು ಎಂದು ಹಾಳೆಯ ಮೇಲೆ ಬರೆಯುವುದು ಅವನ ಕೆಲಸ. ಮಗಳು ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತ, “ಅಪ್ಪಂಗೆ ಇವತ್ತು ಪೋಸ್ಟ್‌ಮಾರ್ಟಂ,” ಎಂದು ನಕ್ಕಳು. ಹೆಂಡತಿ ಹೊಲಿಗೆ ಯಂತ್ರದ ಮೇಲೆ ರಾಶಿ ಬಿದ್ದಿದ್ದ ರವಿಕೆ ಬಟ್ಟೆಗಳನ್ನು ಆಚೆ ಸರಿಸುತ್ತ, ತಟ್ಟೆಯ ಕಡೆ ನೋಡದೆಯೇ, “ಅರ್ಧನಾದ್ರೂ ತಿಂದು ಏಳಿ, ಪೂರ್ತಿ ಬಿಟ್ಟು ಎದ್ರೆ ನಂಗೆ ಬೇಜಾರಾಗತ್ತೆ,” ಎಂದಳು. ಅವನು ಎರಡು ತುತ್ತು ತಿಂದು ನೀರು ಕುಡಿದ. ಹೇಳಿಬಿಡಲೇ ಎನ್ನಿಸಿತು. ಮೂರು ದಿನದಿಂದ ಹೀಗೇ ಎನ್ನಿಸುತ್ತಿತ್ತು, ಮೂರು ದಿನದಿಂದಲೂ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ಕುಂತುಬಿಡುತ್ತಿತ್ತು. ಹೇಳಿದರೆ ಅವಳೇನು ಬೈಯುತ್ತಿರಲಿಲ್ಲ. ‘ಅಷ್ಟೇ ತಾನೆ’ ಎನ್ನುತ್ತಿದ್ದಳು. ಆ ‘ಅಷ್ಟೇ ತಾನೆ’ಯನ್ನು ಕೇಳಿಸಿಕೊಳ್ಳಲು ಅವನಿಗೆ ಧೈರ್ಯವಿರಲಿಲ್ಲ.

ಆದದ್ದು ಇಷ್ಟು. ಎಳೆಯ ಕೋಳಿಯ ಮೊಟ್ಟೆ ಸಣ್ಣದು, ಚಿಪ್ಪು ದಪ್ಪ, ಒಳಗಿನ ನೀರು ಸುಲಭಕ್ಕೆ ಆಚೆ ಹೋಗುವುದಿಲ್ಲ. ಆದ್ದರಿಂದ ಅದಕ್ಕೆ ಒಣ ಗಾಳಿ ಬೇಕು, ಅದು ಕಾವಿನ ಮೂರನೇ ಮಷೀನು. ವಯಸ್ಸಾದ ಕೋಳಿಯ ಮೊಟ್ಟೆ ದೊಡ್ಡದು, ಚಿಪ್ಪು ತೆಳು, ನೀರು ಬೇಗ ಹಾರುತ್ತದೆ. ಅದಕ್ಕೆ ತೇವದ ಗಾಳಿ, ಅದು ನಾಲ್ಕನೇ ಮಷೀನು. ಈ ಒಂದು ಪಾಠವನ್ನು ಅವನು ಹ್ಯಾಚರಿಗೆ ಹೊಸದಾಗಿ ಬಂದ ಪ್ರತಿಯೊಬ್ಬರಿಗೂ, ಟ್ರೇ ತೊಳೆಯುವವರಿಗೂ ಬಿಡದೆ, ಮೊಟ್ಟೆಯನ್ನು ಕೈಯಲ್ಲಿ ಹಿಡಿದು ಹೇಳಿಕೊಟ್ಟಿದ್ದ. ಅದಕ್ಕೇ ಎಲ್ಲರೂ ಅವನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದುದು. ಇಪ್ಪತ್ತೆಂಟು ದಿನದ ಹಿಂದೆ ಅದೇ ಮೇಷ್ಟ್ರು, ಏಳನೇ ಶೆಡ್ಡಿನ ಮುದಿ ಕೋಳಿಗಳ ಮೊಟ್ಟೆಯ ಟ್ರಾಲಿಯನ್ನು ತಮ್ಮ ಎರಡೂ ಕೈಯಿಂದ ತಳ್ಳಿಕೊಂಡು ಹೋಗಿ ಮೂರನೇ ಮಷೀನಿನೊಳಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡು ಬಂದರು. ಕಣ್ಣು ಕಾಣದೆಯೇ? ಕಾಣುತ್ತಿತ್ತು. ಕುಡಿದಿದ್ದನೇ? ಛೆ, ಅದೂ ಇಲ್ಲ. ಹಾಗಿದ್ದರೆ ಎಷ್ಟೋ ಮರ್ಯಾದೆಯಾಗಿರುತ್ತಿತ್ತು. ಆವತ್ತು ಬೆಳಗಿನ ಮೀಟಿಂಗಿನಲ್ಲಿ, ಬಂದು ಎರಡು ತಿಂಗಳೂ ಆಗಿರದ ಹೊಸ ಮ್ಯಾನೇಜರು, ಅವನಿಗಿಂತ ಹದಿನಾರು ವರ್ಷ ಚಿಕ್ಕವನು, “ಮಷೀನಿಗೆ ಸೆನ್ಸರ್ ಇದೆ ಮೇಷ್ಟ್ರೇ, ಇಷ್ಟುದ್ದ ಪುರಾಣ ಬೇಕಾ?” ಎಂದಿದ್ದ. ಎಲ್ಲರೂ ನಕ್ಕರು. ಅವನೂ ನಕ್ಕ. ಮ್ಯಾನೇಜರ ಮಾತಿಗಿಂತ ತನ್ನ ಆ ನಗೆಯೇ ಅವನನ್ನು ದಿನವಿಡೀ ಚುಚ್ಚಿತು. ಹಲ್ಲು ಕಿರಿದೆನಲ್ಲ, ಥೂ, ಎಂದುಕೊಂಡ. ಟ್ರಾಲಿ ತಳ್ಳುವಾಗ ಅವನ ತಲೆಯೊಳಗೆ ಮ್ಯಾನೇಜರು ಕೂತಿದ್ದ, ಅವನಿಗೆ ಕೊಡಬೇಕಾಗಿದ್ದ ಉತ್ತರಗಳು ಒಂದಕ್ಕಿಂತ ಒಂದು ಚೆನ್ನಾಗಿ ಹೊಳೆಯುತ್ತಿದ್ದವು. ಅಂಥ ಒಳ್ಳೆಯ ಉತ್ತರವೊಂದರ ನಡುವೆ ಅವನು ಮೂರನೇ ಮಷೀನಿನ ಬಾಗಿಲು ತೆರೆದ. ಮೂರು ದಿನದ ಹಿಂದೆ, ಮೊಟ್ಟೆಗಳನ್ನು ಮರಿಯಾಗುವ ಪೆಟ್ಟಿಗೆಗೆ ವರ್ಗಾಯಿಸುವಾಗ ಒಂದು ಟ್ರೇ ಎತ್ತಿದ್ದೇ ತಡ, ಅವನ ಕೈಗೆ ಗೊತ್ತಾಯಿತು. ಟ್ರೇ ತೀರಾ ಹಗುರವಾಗಿತ್ತು. ತಕ್ಕಡಿಗೆ ಇಟ್ಟ, ನೂರಕ್ಕೆ ಹನ್ನೆರಡು ಪಾಲು ಕಡಿಮೆಯಾಗಿರಬೇಕಾದ ತೂಕ ಹದಿನೇಳು ಕಡಿಮೆಯಾಗಿತ್ತು. ಟ್ರಾಲಿಗೆ ಸಿಕ್ಕಿಸಿದ್ದ ಶೆಡ್ಡಿನ ಕಾರ್ಡು ನೋಡಿದ, ಮಷೀನಿನ ನಂಬರು ನೋಡಿದ. ಮೈಯೆಲ್ಲ ಹಿಡಿಯಷ್ಟಾಯಿತು. ಆಮೇಲೆ ಅವನು ಪೆನ್ನು ತೆಗೆದು ತೂಕದ ಪುಸ್ತಕದಲ್ಲಿ ‘ಹನ್ನೆರಡು’ ಎಂದು ದುಂಡಗೆ ಬರೆದ.

ಹ್ಯಾಚರಿಗೆ ಬಂದಾಗ ಮರಿಗಳ ಎಣಿಕೆ ಆಗಲೇ ಮುಗಿದು ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಾಗಿತ್ತು. ಬೇರೆ ಶೆಡ್ಡುಗಳದೆಲ್ಲ ನೂರಕ್ಕೆ ಎಂಬತ್ತರ ಆಚೀಚೆ. ಏಳನೇ ಶೆಡ್ಡಿನದು ಐವತ್ತೆರಡು. ಅದರ ಕೆಳಗೆ ಯಾರೋ ಎರಡು ಗೆರೆ ಎಳೆದಿದ್ದರು. ಆ ಶೆಡ್ಡಿನ ಮರಿಗಳು ಕಡಿಮೆ ಬರುತ್ತಿರುವುದನ್ನು ಕಂಡು ಮ್ಯಾನೇಜರು ನಿನ್ನೆಯೇ ಹೇಳಿದ್ದ: ಕೋಳಿಗಳಿಗೆ ವಯಸ್ಸಾಗಿ ಹೀಗಾಗಿದ್ದರೆ ಇಡೀ ಹಿಂಡನ್ನು ಒಡೆದು ನೋಡಿದ ಮಾರನೇ ಬೆಳಿಗ್ಗೆಯೇ ಲಾರಿಗೆ ಹತ್ತಿಸುವುದು, ಬೇರೆ ಕಾರಣವಿದ್ದರೆ ಇನ್ನೂ ಆರು ವಾರ ಇಟ್ಟುಕೊಳ್ಳುವುದು. “ನೀವು ಒಡೆದು ನೋಡಿ ಒಂದು ಸಾಲು ಬರ್ಕೊಡಿ ಸಾಕು ಮೇಷ್ಟ್ರೇ.” ಹಿಂಡಿನ ಜೊತೆಗೆ ಇನ್ನೊಂದೂ ಹೋಗುವುದಿತ್ತು. ಏಳನೇ ಶೆಡ್ಡನ್ನು ನೋಡಿಕೊಳ್ಳುವ ಹೆಂಗಸಿಗೆ ಮುಂದಿನ ಹಿಂಡು ಕೊಡುವುದಿಲ್ಲ, ಅವಳನ್ನು ಟ್ರೇ ತೊಳೆಯುವ ಕಡೆ ಹಾಕುತ್ತಾರೆ, ಅವಳ ಕೈಗುಣ ಹೋಯಿತು ಎಂದು ಆಗಲೇ ಗುಸುಗುಸು ಎದ್ದಿತ್ತು. ಹತ್ತೊಂಬತ್ತು ವರ್ಷ ಕೋಳಿ ಸಾಕಿದವಳು. ಅವನಿಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು, ಅಕ್ಕ ಎಂದೇ ಕರೆಯುತ್ತಿದ್ದ. ತಾನೂ ಕೂತು ನೋಡುತ್ತೇನೆಂದು ಅವಳು ಮ್ಯಾನೇಜರನ್ನು ಕೇಳಿ ಒಪ್ಪಿಸಿಕೊಂಡಿದ್ದಳು. ಶೆಡ್ಡಿನಿಂದ ಹ್ಯಾಚರಿಯೊಳಗೆ ಬರುವವರು ಬಾಗಿಲ ಪಕ್ಕದ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು, ಅಲ್ಲಿ ಕೊಡುವ ಬಿಳಿ ಅಂಗಿ ತೊಟ್ಟೇ ಬರಬೇಕು. ಅವಳು ಒದ್ದೆ ಕೂದಲನ್ನು ಗಂಟು ಹಾಕಿ, ಮಂಡಿಯ ಕೆಳಗೆ ಜೋಲುವ ಅಂಗಿಯ ತೋಳನ್ನು ನಾಲ್ಕು ಮಡಿಕೆ ಮಡಿಸಿಕೊಂಡು ಬಂದು ನಿಂತಾಗ, ಆಸ್ಪತ್ರೆಯಲ್ಲಿ ಹೆಸರು ಕರೆಯುವುದನ್ನೇ ಕಾಯುತ್ತಿರುವವಳ ಹಾಗೆ ಕಂಡಳು. “ನಾನಿಲ್ಲಿ ನಿಂತ್ಕೊಂಡ್ರೆ ನಿಮ್ಮ ಕೆಲಸಕ್ಕೆ ಅಡ್ಡ ಆಗಲ್ವಾ ಮೇಷ್ಟ್ರೇ?” ಎಂದಳು. ಅವನು ಸ್ಟೂಲು ಎಳೆದು ಕೊಟ್ಟ. ಅವಳು ಕೂರಲಿಲ್ಲ.

ಮೇಜಿನ ಮೇಲೆ ನಾಲ್ಕು ಸಾಲು. ಬೀಜವೇ ಕಟ್ಟದ್ದು, ಮೊದಲ ವಾರ ಸತ್ತದ್ದು, ನಡುವೆ ಸತ್ತದ್ದು, ಇನ್ನೇನು ಆಚೆ ಬರಬೇಕೆನ್ನುವಾಗ ಸತ್ತದ್ದು. ಮೊದಲನೇ ಮೊಟ್ಟೆಯ ದಪ್ಪ ತುದಿಯನ್ನು ಚಮಚದ ಹಿಡಿಯಿಂದ ತಟ್ಟಿ ಚಿಪ್ಪು ಸುಲಿದ. ಗಾಳಿಯ ಗೂಡು ಮೊಟ್ಟೆಯ ಮೂರನೇ ಒಂದು ಪಾಲನ್ನು ನುಂಗಿಕೊಂಡಿತ್ತು. ಒಳಪೊರೆ ಹಳೇ ಕಾಗದದಂತೆ ಒಣಗಿ ಮರಿಯ ಬೆನ್ನಿಗೆ ಅಂಟಿತ್ತು. ಮರಿ ಪೂರ್ತಿ ಬೆಳೆದಿತ್ತು, ಪುಕ್ಕವಿತ್ತು, ಕಾಲುಗುರುಗಳಿದ್ದವು, ಕೊಕ್ಕು ಗಾಳಿಯ ಕಡೆಗೇ ತಿರುಗಿತ್ತು. ತಿರುಗಿದ ಮೇಲೆ ಅಲುಗಾಡಲು ಪಸೆಯಿರಲಿಲ್ಲ. ಅವನು ಅದನ್ನು ನಾಲ್ಕನೇ ಸಾಲಿಗಿಟ್ಟ. ಎರಡನೆಯದು ನಾಲ್ಕನೇ ಸಾಲಿಗೆ. ಮೂರನೆಯದು ಬೀಜವೇ ಇಲ್ಲದ್ದು, ಎದೆಯಲ್ಲಿ ಅಯ್ಯಪ್ಪಾ ಎನ್ನಿಸಿತು. ನಾಲ್ಕು, ಐದು, ಆರು, ಏಳು ಮತ್ತೆ ನಾಲ್ಕನೇ ಸಾಲಿಗೆ. “ಇದು ಪೂರ್ತಿ ಆಗಿದ್ಯಲ್ಲ ಮೇಷ್ಟ್ರೇ,” ಎಂದಳು ಅವಳು ಬಗ್ಗಿ. “ಕಣ್ಣೂ ಇದೆ. ಇಷ್ಟು ದೂರ ಬಂದು ಯಾಕೆ ಸತ್ತೋಯ್ತು?”

ಇದೇ ಅವನು ಮಾತಾಡಬೇಕಾದ ಜಾಗ. ಅವನು ಮಾತಾಡಿದ. ಪಾಠ ಹೇಳುವ ದನಿ ತಾನಾಗಿ ಬಂದುಬಿಟ್ಟಿತು, ಅದನ್ನು ಕರೆಯಬೇಕಾಗಿಯೇ ಇರಲಿಲ್ಲ. ತಾಯಿಗೆ ವಯಸ್ಸಾದ ಹಾಗೆ ಮೊಟ್ಟೆ ದೊಡ್ಡದಾಗುತ್ತದೆ, ಆದರೆ ಅವಳ ಮೈಯಲ್ಲಿರುವ ಸುಣ್ಣ ಅಷ್ಟೇ. ಅಷ್ಟೇ ಸುಣ್ಣವನ್ನು ದೊಡ್ಡ ಮೊಟ್ಟೆಗೆ ಬಳಿಯಬೇಕು, ಆದ್ದರಿಂದ ಚಿಪ್ಪು ತೆಳು. ತೆಳುವಾದಷ್ಟೂ ನೀರು ಆಚೆಗೆ ಹೋಗುತ್ತದೆ. ನೀರು ಹೋದರೆ ಮರಿ ಒಳಗೇ ಒಣಗುತ್ತದೆ. ಒಂದು ಚಿಪ್ಪಿನ ಚೂರನ್ನು ಬೆಳಕಿಗೆ ಹಿಡಿದು ತೋರಿಸಿದ. ಹೇಳಿದ್ದರಲ್ಲಿ ಒಂದೇ ಒಂದು ಮಾತೂ ಸುಳ್ಳಲ್ಲ. ಯಾವ ಪುಸ್ತಕ ತೆಗೆದು ನೋಡಿದರೂ ಹೀಗೇ ಇರುತ್ತದೆ. ಅವಳು ಆ ಚೂರನ್ನು ಅವನ ಕೈಯಿಂದ ತೆಗೆದುಕೊಂಡು ತಾನೂ ಬೆಳಕಿಗೆ ಹಿಡಿದಳು, ಏನು ಕಂಡಿತೋ, ತಲೆಯಾಡಿಸಿದಳು. “ಹೌದು, ಈಚೆಗೆ ತೆಳು ಆಗಿದೆ. ಗೂಡಿಂದ ಎತ್ತೋವಾಗ್ಲೇ ನಂಗೆ ಗೊತ್ತಾಗ್ತಿತ್ತು. ಪಾಪ, ಅವಾದ್ರೂ ಏನು ಮಾಡ್ತಾವೆ. ಇಪ್ಪತ್ತೆರಡು ವಾರದಿಂದ ಇಡ್ತಾನೇ ಇದಾವೆ. ಈಗೀಗ ಮೊಟ್ಟೆ ಇಟ್ಟ ಮೇಲೆ ಮೂಲೇಲಿ ಹೋಗಿ ಕೂತ್ಕೊಳ್ತವೆ ಮೇಷ್ಟ್ರೇ, ಅತ್ತೆ ಕೈಲಿ ಬೈಸ್ಕೊಂಡ ಸೊಸೇರ ಹಾಗೆ.” ಹೇಳಿ ತಾನೇ ಸ್ವಲ್ಪ ನಕ್ಕಳು. ಅವನೂ ನಕ್ಕ. ಎಲಾ ಇವನ, ಮತ್ತೆ ನಕ್ಕನಲ್ಲ!

ಮೂವತ್ತು ಮೊಟ್ಟೆ ಆಗುವ ಹೊತ್ತಿಗೆ ನಾಲ್ಕನೇ ಸಾಲು ಮೇಜಿನ ಅಂಚು ಮುಟ್ಟಿ, ಹಿಂದಕ್ಕೆ ತಿರುಗಿ ಜೋಡಿ ಸಾಲಾಗಿತ್ತು. ಅವಳು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಒಂದು ಮಾತು ಹೇಳ್ಬೇಕು. ಯಾರಿಗೂ ಹೇಳಿಲ್ಲ. ಮೊಟ್ಟೆ ಕೊಡೋಕೆ ಮುಂಚಿನ ವಾರ ಎರಡು ದಿನ ಕುಡಿಯೋ ನೀರಿಗೆ ವಿಟಮಿನ್ ಪುಡಿ ಹಾಕೋದು ಮರ್ತಿದ್ದೆ. ನಮ್ಮ ಯಜಮಾನ್ರಿಗೆ ಕಾಲು ಊದ್ಕೊಂಡು ಆಸ್ಪತ್ರೇಲಿದ್ರಲ್ಲ, ಓಡಾಟದಲ್ಲಿ ಮರ್ತೇಹೋಯ್ತು. ಅದ್ರಿಂದ ಹೀಗಾಯ್ತಾ?” ಅವಳ ಮುಖ ಕೆಂಪಾಗಿತ್ತು. ಐವತ್ತೈದು ದಾಟಿದ ಹೆಂಗಸು, ಸ್ಲೇಟು ಒಡೆದುಹಾಕಿದ ಹುಡುಗಿಯ ಹಾಗೆ ಅಂಗಿಯ ಅಂಚನ್ನು ಹಿಂಡುತ್ತಿದ್ದಳು. ಉತ್ತರ ಅವರಿಬ್ಬರ ನಡುವೆ ಮೇಜಿನ ಮೇಲೇ ಇತ್ತು. ತಾಯಿಯ ಮೈಯಲ್ಲಿ ಸತ್ವ ಸಾಲದೆ ಹೋದರೆ ಪಿಂಡ ಇಷ್ಟು ದೂರ ಬರುವುದೇ ಇಲ್ಲ, ನಡುವಿನಲ್ಲೇ ಸಾಯುತ್ತದೆ. ಮೂರನೇ ಸಾಲು ತುಂಬಬೇಕು. ಮೂರನೇ ಸಾಲಿನಲ್ಲಿ ಇದ್ದದ್ದು ಒಂದೇ ಒಂದು ಮೊಟ್ಟೆ. ಆ ಖಾಲಿ ಜಾಗದತ್ತ ಬೆರಳು ಮಾಡಿ ‘ಇಲ್ಲಿ ನೋಡಿ ಅಕ್ಕ’ ಎಂದಿದ್ದರೆ ಸಾಕಿತ್ತು. ಅವಳ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಆದರೆ ಹಾಗೆಂದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಇನ್ನೇನು ಕಾರಣ? “ಅದೂ ಸ್ವಲ್ಪ ಇರಬಹುದು,” ಎಂದ ಅವನು. ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿಸಿಕೊಂಡ. ಅವಳು ಸ್ಟೂಲಿನ ಮೇಲೆ ಕೂತಳು.

ಅವನು ಓದಿದ ಸ್ಕೂಲಿನ ಕಾರಿಡಾರಿನಲ್ಲೂ ಹೀಗೇ ತಣ್ಣನೆಯ ನೆಲ, ಹೀಗೇ ಫಿನಾಯಿಲಿನ ವಾಸನೆ. ಅಮ್ಮ ಅವನನ್ನು ಹೆತ್ತಾಗ ಅವಳಿಗೆ ನಲವತ್ತನಾಲ್ಕು. ನಾಲ್ಕನೇ ಕ್ಲಾಸಿನಲ್ಲಿ ಅವನು ಊಟದ ಡಬ್ಬಿ ಮರೆತು ಹೋಗಿದ್ದ ದಿನ ಅವಳು ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಬಿಸಿಲಲ್ಲಿ ನಡೆದು ಬಂದಿದ್ದಳು. ಬಾಗಿಲಲ್ಲಿ ನಿಂತ ನರೆತ ತಲೆಯನ್ನು ನೋಡಿ ಟೀಚರು, “ನಿಮ್ಮಜ್ಜಿ ಬಂದಿದಾರೆ ನೋಡೋ,” ಎಂದರು. ಅವನು ಎದ್ದು ಹೋಗಿ ಡಬ್ಬಿ ತೆಗೆದುಕೊಂಡ. ಅಜ್ಜಿಯಲ್ಲ ಎನ್ನಲಿಲ್ಲ. ನಲವತ್ತು ಹುಡುಗರು ನೋಡುತ್ತಿದ್ದರು. ಟೀಚರು ಮತ್ತೆ, “ಮೊಮ್ಮಗ ತುಂಬ ಸಣಕಲು, ಚೆನ್ನಾಗಿ ತಿನ್ಸಿ ಅಜ್ಜಿ,” ಎಂದಾಗ ಅಮ್ಮ ಅವನ ಮುಖವನ್ನೊಮ್ಮೆ ನೋಡಿದಳು. ನೋಡಿ, “ಆಯ್ತಮ್ಮ, ಅವರಮ್ಮಂಗೆ ಹೇಳ್ತೀನಿ,” ಎಂದಳು. ಸಂಜೆ ಮನೆಗೆ ಹೋದರೆ ಅದರ ಸುದ್ದಿಯೇ ಇಲ್ಲ, ಎಂದಿನ ಹಾಗೆ ಬಡಿಸಿದಳು. ಮುಂದಿನ ವಾರ ಮಾತ್ರ ಎಲ್ಲಿಂದಲೋ ಕರಿಬಣ್ಣ ತಂದು ತಲೆಗೆ ಹಚ್ಚಿಕೊಂಡಿದ್ದಳು, ಹಚ್ಚಲು ಬರದೆ ಹಣೆಯ ಮೇಲೆಲ್ಲ ಕಪ್ಪು ಇಳಿದು ಹದಿನೈದು ದಿನ ಹೋಗಲಿಲ್ಲ. ಅವನ ಕಾಲು ಸಣ್ಣ, ಎದೆ ಸಣ್ಣ, ಮಳೆಗಾಲ ಬಂದರೆ ಕೆಮ್ಮು; ಯಾರು ಏನೆಂದರೂ ಅಮ್ಮ, “ನಂದೇ ತಪ್ಪು ಕಣ್ರೀ, ಇವನು ಹುಟ್ಟೋ ಹೊತ್ತಿಗೆ ನನ್ನಲ್ಲಿ ಸತ್ವನೇ ಉಳಿದಿರ್ಲಿಲ್ಲ,” ಎನ್ನುತ್ತಿದ್ದಳು. ಸಾಯುವ ವರ್ಷವೂ ಅದನ್ನೇ ಅವನ ಹೆಂಡತಿಗೆ ಹೇಳಿದ್ದಳು, ತಾನು ಕೊಟ್ಟ ಮಾಲಿನ ದೋಷಕ್ಕೆ ಕ್ಷಮೆ ಕೇಳುವವಳ ಹಾಗೆ. ಅವನು ಆಗಲೂ ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಲೇ ಇದ್ದ. “ಮೇಷ್ಟ್ರೇ, ಅದು ಬಿತ್ತು,” ಎಂದಳು ಅಕ್ಕ. ಕೈಯಲ್ಲಿದ್ದ ಮೊಟ್ಟೆ ಜಾರಿ ಬಕೆಟ್ಟಿಗೆ ಬಿದ್ದಿತ್ತು. ಎತ್ತಿ, ನೋಡದೆಯೇ ನಾಲ್ಕನೇ ಸಾಲಿಗಿಟ್ಟ.

ಹಾಳೆಯಲ್ಲಿ ಕಾರಣ ಎಂಬ ಕಡೆ ಅವನು ಎರಡು ಪದ ಬರೆದ: ತಾಯಿಯ ವಯಸ್ಸು. ಕೆಳಗೆ ಸಹಿ. ಅಕ್ಷರ ಚೆನ್ನಾಗಿ ಬಂದಿತ್ತು. ಅವಳು ಓದು ಬಾರದವಳಲ್ಲ, ಬಗ್ಗಿ ಓದಿದಳು. “ನನ್ನ ಪುಡಿ ವಿಷಯ ಬರೀಲಿಲ್ಲ ನೀವು,” ಎಂದಳು. “ಬೇಡ ಬಿಡಿ ಅಕ್ಕ,” ಎಂದ. ಅವಳ ಕಣ್ಣು ತುಂಬಿಕೊಂಡಿತು. “ನಿಮ್ಮ ಹೊಟ್ಟೆ ತಣ್ಣಗಿರ್ಲಿ ಮೇಷ್ಟ್ರೇ. ಬೇರೆಯವ್ರಾಗಿದ್ರೆ ನನ್ನ ತಲೆಗೇ ಕಟ್ತಿದ್ರು,” ಎಂದು ಹೇಳಿ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡು ಬಚ್ಚಲ ಕಡೆ ಹೋದಳು. ನೆಲ ಬಿರಿದು ತನ್ನನ್ನು ನುಂಗಬಾರದೇ ಎಂದುಕೊಂಡ. ನುಂಗಲಿಲ್ಲ. ಊಟದ ಗಂಟೆ ಹೊಡೆಯಿತು. ಮ್ಯಾನೇಜರು ಹಾಳೆ ತೆಗೆದುಕೊಂಡು ಕಣ್ಣಾಡಿಸಿ, “ನಾನೂ ಅದೇ ಅಂದ್ಕೊಂಡಿದ್ದೆ. ಥ್ಯಾಂಕ್ಸ್ ಮೇಷ್ಟ್ರೇ, ನಿಮ್ಮ ಅನುಭವ ಇದ್ರೆ ಎಷ್ಟೋ ಸಲೀಸು,” ಎಂದು, ಅವನ ಎದುರಿಗೇ ಫೋನ್ ತೆಗೆದು ಬೆಳಿಗ್ಗೆ ಏಳಕ್ಕೆ ಲಾರಿ ಹೇಳಿದ. ಮೀಟಿಂಗಿನಲ್ಲಿ ಹೋದ ಮರ್ಯಾದೆ ಹೀಗೆ ವಾಪಸು ಬಂತು. ಅನುಭವ ಎಂಬ ಮಾತು ಕಿವಿಗೆ ಬಿದ್ದ ಆ ಒಂದು ಕ್ಷಣ ಅವನಿಗೆ ಖುಷಿಯೇ ಆಯಿತು, ಅದನ್ನು ಅವನು ಆಮೇಲೆ ಎಷ್ಟು ತಿಕ್ಕಿದರೂ ಅಳಿಸಲಾಗಲಿಲ್ಲ.

ನಾಲ್ಕೂವರೆಗೆ ಕೆಲಸ ಬಿಟ್ಟ ಮೇಲೆ ಅವನು ಗೇಟಿನ ಕಡೆ ಹೋಗದೆ ಶೆಡ್ಡುಗಳ ಕಡೆ ನಡೆದ. ಏಳನೇ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಹೊಟ್ಟಿನ ಧೂಳು, ನೂರಾರು ಬಿಳಿ ಬೆನ್ನುಗಳು, ಕೆಂಪು ಕತ್ತುಗಳು. ಅವನು ಕಾಲಿಟ್ಟ ಕೂಡಲೇ ಅಷ್ಟೂ ಕೋಳಿಗಳು ಒಟ್ಟಿಗೆ ಕತ್ತೆತ್ತಿ ನೋಡಿ, ಆಮೇಲೆ ಇವನೇನು ಮಹಾ ಎನ್ನುವ ಹಾಗೆ ಮತ್ತೆ ಕೆದಕತೊಡಗಿದವು. ಅವಳು ಒಂದು ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಕಾಲಿಗೆ ಸುತ್ತಿಕೊಂಡಿದ್ದ ದಾರ ಬಿಡಿಸುತ್ತಿದ್ದಳು. ನಾಳೆ ಲಾರಿಗೆ ಹೋಗುವ ಕೋಳಿಯ ಕಾಲಿನ ದಾರವನ್ನು! “ಅಕ್ಕ,” ಎಂದ. “ತಪ್ಪು ನಿಮ್ಮದಲ್ಲ. ಕೋಳಿದೂ ಅಲ್ಲ. ನಾನು ನಿಮ್ಮ ಟ್ರಾಲೀನ ಮೂರನೇ ಮಷೀನಿಗೆ ಹಾಕಿಬಿಟ್ಟೆ.” ಹೇಳಿದ ಮೇಲೆ ಇಡೀ ಶೆಡ್ಡು ಮೌನವಾಗುತ್ತದೆ ಎಂದುಕೊಂಡಿದ್ದ. ಏನೂ ಆಗಲಿಲ್ಲ, ಕೋಳಿಗಳು ಗುಳುಗುಳು ಎನ್ನುತ್ತಲೇ ಇದ್ದವು. ಅವಳು ದಾರ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತು,” ಎಂದಳು.

ಕಾವಿಗಿಟ್ಟ ಹತ್ತನೇ ದಿನ, ಮೊಟ್ಟೆಗೆ ದೀಪ ಹಿಡಿದು ನೋಡುವಾಗ, ಟ್ರೇ ಎತ್ತಿಕೊಡಲು ಜನ ಸಾಲದೆ ಅವಳನ್ನೂ ಒಳಗೆ ಕರೆದಿದ್ದರು. ತನ್ನ ಶೆಡ್ಡಿನ ಕಾರ್ಡು ಮೂರನೇ ಮಷೀನಿನಲ್ಲಿ ಇದ್ದುದನ್ನು ಅವಳು ಆವತ್ತೇ ನೋಡಿದ್ದಳು. “ಮೂರು ಎಳೇ ಕೋಳಿದು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ. ಕೇಳ್ಬೇಕು ಅಂತ ಬಾಯಿ ತನಕ ಬಂತು. ಆಮೇಲೆ, ಮೇಷ್ಟ್ರು ಹಾಕಿದಾರೆ ಅಂದ್ಮೇಲೆ ಏನೋ ಲೆಕ್ಕಾಚಾರ ಇರುತ್ತೆ, ನಾನು ಬಾಯಿ ಹಾಕಿದ್ರೆ ನಗ್ತಾರೆ ಅಂತ ಸುಮ್ನಾದೆ. ಇವತ್ತು ನೀವು ಬಾಯ್ಬಿಟ್ಟು ಹೇಳ್ತೀರೇನೋ ಅಂತಾನೇ ಬಂದು ನಿಂತಿದ್ದು. ನೀವು ವಯಸ್ಸು ವಯಸ್ಸು ಅಂದ್ರಿ. ಹಂಗಾದ್ರೆ ಮಷೀನು ಕಾರಣ ಅಲ್ವೇನೋ, ನಂದೇ ಏನೋ ಇರ್ಬೇಕು ಅಂತ ಆ ಪುಡಿ ವಿಷಯ ಹೇಳ್ದೆ. ನಂಬಿದ್ನಲ್ಲ ನಿಮ್ಮನ್ನ, ಎರಡು ಸಲ!” ದಾರ ಬಿಚ್ಚಿತು. ಕೋಳಿಯನ್ನು ನೆಲಕ್ಕೆ ಬಿಟ್ಟು ಎದ್ದು ನಿಂತಳು. “ಮ್ಯಾನೇಜರಿಗೆ ಹೇಳಿದ್ರಾ?”

“ಇಲ್ಲ.”

“ಮತ್ತೆ ನಂಗ್ಯಾಕೆ ಹೇಳ್ತಿದೀರಿ? ನಂಗೆ ಹೇಳಿದ್ರೆ ಲಾರಿ ನಿಲ್ಲುತ್ತಾ? ನಿಮ್ಮ ಹೊಟ್ಟೆ ಹಗುರ ಮಾಡ್ಕೊಳ್ಳೋಕೆ ಬಂದ್ರೇನು ಇಲ್ಲಿಗೆ?”

ಅವನು ಅಲ್ಲಿಂದ ಹೆಚ್ಚುಕಡಿಮೆ ಓಡುತ್ತಲೇ ಆಫೀಸಿಗೆ ಬಂದ. ಮ್ಯಾನೇಜರು ಚೀಲ ಹೆಗಲಿಗೇರಿಸಿ ಹೊರಟಿದ್ದ. ಬಾಗಿಲಲ್ಲೇ ನಿಂತು ಹೇಳಿದ. ಮೂರನೇ ಮಷೀನು, ಹದಿನೇಳನ್ನು ಹನ್ನೆರಡೆಂದು ಬರೆದದ್ದು, ಎಲ್ಲವನ್ನೂ. ಒಂದೇ ಉಸಿರಿಗೆ ಹೇಳಿದ್ದರಿಂದ ಅರ್ಧ ತೊದಲಿತು. ಮ್ಯಾನೇಜರು ಅವನ ಶೂಗೆ ಅಂಟಿದ್ದ ಹೊಟ್ಟನ್ನು ನೋಡಿದ, ಗಡಿಯಾರ ನೋಡಿದ, ಬಾಗಿಲು ಮುಂದಕ್ಕೆ ಮಾಡಿದ. “ಮೇಷ್ಟ್ರೇ, ಕೂತ್ಕೊಳ್ಳಿ. ಹಾಳೆ ಮೇಲಕ್ಕೆ ಹೋಯ್ತು. ಈಗ ಅಲ್ಲ ಅಂದ್ರೆ, ನಂದೂ ನಿಮ್ದೂ ಇಬ್ರದ್ದೂ ಮಾನ ಹೋಗುತ್ತೆ. ಹೆಂಗೂ ಮುದಿ ಹಿಂಡು, ಆರು ವಾರ ಮುಂಚೆ ಹೋಯ್ತು ಅಂದ್ಕೊಳ್ಳಿ. ಆ ಯಮ್ಮಂಗೆ ಟ್ರೇ ತೊಳೆಯೋ ಕಡೆ ಕೆಲಸ ಇದ್ದೇ ಇದೆಯಲ್ಲ. ಮನೆಗೆ ಹೋಗಿ ಆರಾಮಾಗಿ ಮಲ್ಕೊಳ್ಳಿ.” ಮೇಷ್ಟ್ರು ಆಗ ಮೇಜು ಗುದ್ದಬೇಕಿತ್ತು. ಹಾಳೆ ವಾಪಸು ತರಿಸಿ ಎನ್ನಬೇಕಿತ್ತು. ಮೀಟಿಂಗಿನ ದಿನ ಟ್ರಾಲಿ ತಳ್ಳುತ್ತ ಕೂಡಿಹಾಕಿದ್ದ ಆ ಉತ್ತರಗಳಲ್ಲಿ ಒಂದನ್ನಾದರೂ ಈಗ ಆಡಬಹುದಿತ್ತು. ಅವನು ಸರಿ ಎಂದ. ಮೆಟ್ಟಿಲಿಳಿಯುವಾಗ ಮೈ ಹಗುರಾಗಿತ್ತು, ಹೇಳಿಯೂ ಆಯಿತು, ಏನೂ ಆಗಲೂ ಇಲ್ಲ. ಗೇಟು ದಾಟುವಾಗ ಹಸಿವೂ ಆಯಿತು. ಆ ಹಸಿವು ಗೊತ್ತಾದಾಗ ಅವನು ರಸ್ತೆಯ ಪಕ್ಕದ ಗೋಡೆಗೆ ಕೈ ಕೊಟ್ಟು ಸ್ವಲ್ಪ ಹೊತ್ತು ನಿಂತುಕೊಳ್ಳಬೇಕಾಯಿತು. ಇಷ್ಟು ನಾಚಿಕೆ ಅವನಿಗೆ ಯಾವತ್ತೂ ಆಗಿರಲಿಲ್ಲ.

ಮಾರನೇ ದಿನ ಏಳಕ್ಕೆ ಮುಂಚೆಯೇ ಅವನು ಏಳನೇ ಶೆಡ್ಡಿನ ಮುಂದಿದ್ದ. ಯಾರೂ ಕರೆದಿರಲಿಲ್ಲ. ಲಾರಿಯ ಮೇಲೆ ಪಂಜರಗಳ ಗೋಡೆ ಎದ್ದಿತ್ತು, ಕೂಲಿಯವರು ಆರು ಜನ, ಪಕ್ಕದ ಶೆಡ್ಡುಗಳಲ್ಲಿ ಕೋಳಿ ನೋಡಿಕೊಳ್ಳುವವರು ನಾಲ್ಕೈದು ಮಂದಿ ಬಂದು ನಿಂತಿದ್ದರು, ಮ್ಯಾನೇಜರು ಫೋನಿನಲ್ಲಿದ್ದ. ಅವನೂ ಅಂಗಿಯ ತೋಳು ಮಡಿಸಿ ಕೋಳಿ ಹೊರಲು ನಿಂತ. ಇಪ್ಪತ್ತೊಂದು ವರ್ಷ ಮೊಟ್ಟೆಯೊಳಗೆ ಮಾತ್ರ ಟರ್ಕಿ ನೋಡಿದವನಿಗೆ ತಾಯಿ ಇಷ್ಟು ಭಾರವಿರುತ್ತದೆ ಎಂದು ಗೊತ್ತಿರಲಿಲ್ಲ. ಎದೆಗೆ ಅವಚಿಕೊಂಡರೆ ಅದರ ಬಿಸಿ ಅಂಗಿಯೊಳಗೆ ಇಳಿಯುತ್ತಿತ್ತು. “ಹಂಗಲ್ಲ ಯಜಮಾನ್ರೇ, ಮಗು ಎತ್ಕೊಂಡಂಗೆ ಎತ್ಕೊಂಡ್ರೆ ಸಂಜೆ ಆಗುತ್ತೆ,” ಎಂದು ಒಬ್ಬ ಕೂಲಿಯವನು ರೇಗಿಸಿದ. ಅಕ್ಕ ಒಳಗೆ ಹಿಡಿದು ಹಿಡಿದು ಕೊಡುತ್ತಿದ್ದಳು. ಇವನ ಕೈಗೂ ಕೊಟ್ಟಳು, ಮುಖ ನೋಡದೆ. ಒಂಬತ್ತರ ಹೊತ್ತಿಗೆ ಶೆಡ್ಡು ಬರಿದಾಯಿತು. ಪಂಜರದ ಕಂಬಿಗಳ ನಡುವಿನಿಂದ ಕತ್ತುಗಳು ಆಚೆ ಬಂದು ಅತ್ತಿತ್ತ ನೋಡುತ್ತಿದ್ದವು. ಕೂಲಿಯವರು ಹಗ್ಗ ಬಿಗಿಯತೊಡಗಿದರು.

ಆಗ ಅವಳು ಆಚೆ ಬಂದಳು, ಕೈಯಲ್ಲಿ ಒಂದು ಟ್ರೇ. ಬೆಳಿಗ್ಗೆ ಲಾರಿ ಬರುವುದರೊಳಗೆ ಇಟ್ಟಿದ್ದ ಮೊಟ್ಟೆಗಳು, ಹನ್ನೊಂದು, ಕಂದು ಚುಕ್ಕೆಯವು. ನೇರ ಅವನೆದುರಿಗೆ ಬಂದು ನಿಂತಳು.

“ಇವನ್ನ ಯಾವ ಮಷೀನಿಗೆ ಹಾಕ್ಬೇಕು ಮೇಷ್ಟ್ರೇ?”

“ನಾಲ್ಕಕ್ಕೆ,” ಎಂದ.

“ಕೇಳಿಸ್ಲಿಲ್ಲ.”

“ನಾಲ್ಕಕ್ಕೆ ಅಕ್ಕ.”

“ನಂಗೆ ಕೇಳಿಸ್ತು. ಅವ್ರಿಗೆ ಕೇಳಿಸ್ಲಿಲ್ಲ,” ಎಂದಳು ಅವಳು, ಯಾರ ಕಡೆಯೂ ಕೈ ತೋರಿಸದೆ. ಮ್ಯಾನೇಜರು ಫೋನನ್ನು ಕಿವಿಯಿಂದ ತೆಗೆದು ಇತ್ತ ತಿರುಗಿದ್ದ. ಬೇಡ ಎನ್ನುವಂತೆ ತಲೆಯಾಡಿಸಿದ್ದೂ ಕಾಣಿಸಿತು. ಅವನು ಒಮ್ಮೆ ಕೆಮ್ಮಿದ.

“ಮುದಿ ಕೋಳಿ ಮೊಟ್ಟೆ ನಾಲ್ಕನೇ ಮಷೀನಿಗೆ ಹೋಗ್ಬೇಕು,” ಎಂದ, ಜೋರಾಗಿ, ಪಾಠ ಹೇಳುವ ದನಿಯಲ್ಲಲ್ಲ, ಅದು ಎಲ್ಲೋ ಹೋಗಿತ್ತು, ಕೀರಲು ಕೀರಲಾದ ಇನ್ಯಾವುದೋ ದನಿಯಲ್ಲಿ. “ಹೋದ ಸಲ ನಾನು ಮೂರಕ್ಕೆ ಹಾಕ್ದೆ. ಮರಿ ಸತ್ತಿದ್ದು ಅದಕ್ಕೆ. ಕೋಳೀಲಿ ದೋಷ ಇರ್ಲಿಲ್ಲ, ಅಕ್ಕನ ಕೈಲೂ ದೋಷ ಇರ್ಲಿಲ್ಲ. ಹಾಳೇಲಿ ನಾನು ಸುಳ್ಳು ಬರ್ದೆ.”

ಹಗ್ಗ ಬಿಗಿಯುತ್ತಿದ್ದವನು ಅರ್ಧಕ್ಕೇ ಕೈ ತಡೆದ. ಪಕ್ಕದ ಶೆಡ್ಡಿನ ಹೆಂಗಸೊಬ್ಬಳು “ಅಯ್ಯೋ ಶಿವನೇ” ಎಂದಳು. “ಮೇಷ್ಟ್ರೇ, ಆಫೀಸಿಗೆ ಬನ್ನಿ,” ಎಂದು ಮ್ಯಾನೇಜರು ಹೇಳಿದ್ದು ಅವನಿಗೆ ಎಲ್ಲೋ ದೂರದಿಂದ ಬಂದ ಹಾಗೆ ಕೇಳಿತು. ಮುಖ ಕಿವಿಯವರೆಗೂ ಉರಿಯುತ್ತಿತ್ತು. ಡ್ರೈವರು ಇದಾವುದೂ ತಿಳಿಯದೆ ಲಾರಿ ಚಾಲೂ ಮಾಡಿ, ಗೇಟಿನ ಕಡೆಗೆ ತಿರುಗಿಸಿಕೊಂಡು ಹೊರಟ. ಅಕ್ಕ ಟ್ರೇಯನ್ನು ಅವನ ಕೈಗೆ ಕೊಟ್ಟಳು. ಲಾರಿ ಹೋದ ಕಡೆ ಅವಳು ನೋಡಲಿಲ್ಲ. ಅಲ್ಲಿ ನಿಂತಿದ್ದವರ ಮುಖಗಳನ್ನು ಒಂದೊಂದಾಗಿ, ಒಬ್ಬರನ್ನೂ ಬಿಡದೆ ನೋಡಿದಳು, ಎಲ್ಲರಿಗೂ ಕೇಳಿಸಿತೇ ಎಂದು.